ನೀಲಿ ಹೂವಿನ ಕೇಸರಿ ಬೇಳೆ ಗಿಡ

ನೀಲಿ ಹೂವಿನ ಕೇಸರಿ ಬೇಳೆ ಗಿಡವು ಬಟಾಣಿಯ ಬಳಗಕ್ಕೆ ಸೇರಿದ, ಒಂದೇ ಋತುವಿನಲ್ಲಿ ಬೆಳೆದು, ಹೂಬಿಟ್ಟು, ಕಾಯಾಗಿ ಒಣಗುವ ಏಕವಾರ್ಷಿಕ ಸಸ್ಯ. ಇದರ ವೈಜ್ಞಾನಿಕ ಹೆಸರು ಲ್ಯಾಥಿರಸ್ ಸಟೈವಸ್. ತೆಳ್ಳನೆಯ ಕಾಂಡ, ಹುಲ್ಲಿನಂತಹ ಕಿರಿದಾದ ಎಲೆಗಳು ಮತ್ತು ತಿಳಿ ಆಕಾಶದ ಬಣ್ಣದ ಒಂಟಿ ಹೂಗಳು ಇದರ ಲಕ್ಷಣಗಳು. ಹೂಗಿಡಗಳಲ್ಲಿ ನಿಜವಾದ ನೀಲಿ ಬಣ್ಣ ವಿರಳವಾದ ಕಾರಣ ಯುರೋಪಿನ ಹೂತೋಟಗಾರರು ಇದನ್ನು ಅಲಂಕಾರಕ್ಕಾಗಿ ಬೆಳೆಸುತ್ತಾರೆ. ಅಲ್ಲಿ ಇದು ಅಪರೂಪದ ಗಿಡ. ಆದರೆ ಭಾರತ, ಬಾಂಗ್ಲಾದೇಶ ಮತ್ತು ಇಥಿಯೋಪಿಯಾಗಳಲ್ಲಿ ಇದೇ ಜಾತಿಯು ಬಡ ರೈತರ ಹೊಲದ ದ್ವಿದಳ ಧಾನ್ಯ. ಬರಗಾಲದಲ್ಲಿ ಇತರ ಬೆಳೆಗಳು ಒಣಗಿದಾಗಲೂ ಉಳಿದು ಬರುವ ಈ ಕಾಳು, ಬೇರೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಇದನ್ನೇ ತಿಂದವರ ಕಾಲುಗಳ ಶಕ್ತಿಯನ್ನು ಶಾಶ್ವತವಾಗಿ ಕಸಿದುಕೊಂಡ ಇತಿಹಾಸವೂ ಇದೆ. ಆದ್ದರಿಂದ ಈ ಗಿಡವನ್ನು ಮನೆಯ ತೋಟದಲ್ಲಿ ಬೆಳೆಸುವವರು ಹೂವಿನ ಚೆಲುವಿನೊಂದಿಗೆ ಬೀಜದ ಸ್ವಭಾವವನ್ನೂ ತಿಳಿದಿರುವುದು ಅವಶ್ಯಕ.

ಹೆಸರು ಮತ್ತು ವರ್ಗೀಕರಣ

ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಸ್ಪೀಶೀಸ್ ಪ್ಲಾಂಟಾರಮ್ ಗ್ರಂಥದಲ್ಲಿ ಈ ಸಸ್ಯಕ್ಕೆ ಲ್ಯಾಥಿರಸ್ ಸಟೈವಸ್ ಎಂಬ ಹೆಸರನ್ನು ನೀಡಿದನು. 'ಸಟೈವಸ್' ಎಂಬ ಲ್ಯಾಟಿನ್ ಪದಕ್ಕೆ 'ಬಿತ್ತಿ ಬೆಳೆಯುವ' ಎಂದು ಅರ್ಥ. ಇದು ಫ್ಯಾಬೇಸೀ ಕುಟುಂಬಕ್ಕೆ ಸೇರಿದೆ. ಹಳೆಯ ಪುಸ್ತಕಗಳಲ್ಲಿ ಈ ಕುಟುಂಬವನ್ನು ಲೆಗ್ಯುಮಿನೋಸೀ ಎಂದು ಕರೆಯಲಾಗಿದೆ. ಲ್ಯಾಥಿರಸ್ ಜಾತಿಸಮೂಹದಲ್ಲಿ ಸುಮಾರು 160 ಪ್ರಭೇದಗಳಿದ್ದು, ಸುವಾಸನೆಗೆ ಹೆಸರಾದ ಸ್ವೀಟ್ ಪೀ ಕೂಡ ಇದೇ ಸಮೂಹದ್ದು. ಅಡುಗೆಯ ಬಟಾಣಿ, ಚನ್ನಂಗಿ ಬೇಳೆಯ ಗಿಡ ಮೊದಲಾದವು ಇದರ ಹತ್ತಿರದ ಸಂಬಂಧಿಗಳು.

ಹೂತೋಟದ ಬೀಜ ಮಾರಾಟಗಾರರು ನೀಲಿ ಹೂವಿನ ಬಗೆಯನ್ನು 'ಅಜ್ಯೂರಿಯಸ್' ಎಂಬ ಹೆಚ್ಚುವರಿ ಹೆಸರಿನೊಂದಿಗೆ ಮಾರುವುದುಂಟು. ಇದು ಆಕಾಶನೀಲಿ ಎಂಬುದನ್ನು ಸೂಚಿಸುವ ಪದ. ಹೆಸರು ಬೇರೆಯಾದರೂ ಸಸ್ಯ ಬೇರೆಯಲ್ಲ. ಹೊಲದಲ್ಲಿ ಬೆಳೆಯುವ ಕೇಸರಿ ಬೇಳೆಯೂ ಹೂತೋಟದ ಈ ಗಿಡವೂ ಒಂದೇ ಪ್ರಭೇದ. ಈ ಸಂಗತಿಯನ್ನು ಬೀಜದ ಪೊಟ್ಟಣಗಳ ಮೇಲೆ ಎಲ್ಲ ಸಂದರ್ಭಗಳಲ್ಲಿಯೂ ಸ್ಪಷ್ಟವಾಗಿ ಬರೆದಿರುವುದಿಲ್ಲ.

ಹಿಂದಿ ಮತ್ತು ಬಂಗಾಳಿಯಲ್ಲಿ ಇದಕ್ಕೆ ಖೇಸಾರಿ ಎಂದು ಹೆಸರು. ಮಧ್ಯಭಾರತದಲ್ಲಿ ತಿವಡಾ ಅಥವಾ ತೇವರಾ ಎಂದೂ ಮರಾಠಿಯಲ್ಲಿ ಲಾಖ್ ಎಂದೂ ಕರೆಯುತ್ತಾರೆ. ಇಟಲಿಯಲ್ಲಿ ಚಿಚೆರ್ಕಿಯಾ, ಸ್ಪೇನಿನಲ್ಲಿ ಅಲ್ಮೋರ್ತಾ, ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ಗ್ವಾಯಾ ಎಂಬ ಹೆಸರುಗಳಿವೆ. ಕನ್ನಡದ 'ಕೇಸರಿ ಬೇಳೆ' ಎಂಬುದು ಖೇಸಾರಿ ಎಂಬ ಹೆಸರಿನಿಂದ ಬಂದ ರೂಪ. ಅಡುಗೆಯಲ್ಲಿ ಬಣ್ಣಕ್ಕೂ ಪರಿಮಳಕ್ಕೂ ಬಳಸುವ ಕೇಸರಿಗೂ ಈ ಗಿಡಕ್ಕೂ ಯಾವುದೇ ಸಂಬಂಧವಿಲ್ಲ.

ಸಸ್ಯದ ಲಕ್ಷಣಗಳು

ಗಿಡವು ಸಾಮಾನ್ಯವಾಗಿ 40ರಿಂದ 90 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಬುಡದಿಂದಲೇ ಹಲವು ಕವಲುಗಳು ಒಡೆಯುತ್ತವೆ. ಆಸರೆ ದೊರೆತರೆ ಮೇಲಕ್ಕೆ ಹಬ್ಬುತ್ತದೆ. ದೊರೆಯದಿದ್ದರೆ ನೆಲದ ಮೇಲೆ ಒರಗಿ ಹರಡುತ್ತದೆ. ಕಾಂಡದ ಅಂಚುಗಳಲ್ಲಿ ಕಿರಿದಾದ ಹಸಿರು ರೆಕ್ಕೆಗಳಿರುವುದನ್ನು ಕೈಯಿಂದ ಮುಟ್ಟಿ ತಿಳಿಯಬಹುದು. ಪ್ರತಿ ಎಲೆಯಲ್ಲಿ ಸಾಮಾನ್ಯವಾಗಿ ಒಂದು ಜೊತೆ ಉದ್ದನೆಯ, ಮೊನಚಾದ ಕಿರುಎಲೆಗಳಿರುತ್ತವೆ. ಎಲೆಯ ತುದಿಯು ನುಲಿಬಳ್ಳಿಯಾಗಿ ಮಾರ್ಪಟ್ಟು ಹತ್ತಿರದ ಕಡ್ಡಿಯನ್ನೋ ಪಕ್ಕದ ಗಿಡವನ್ನೋ ಸುತ್ತಿಕೊಳ್ಳುತ್ತದೆ. ಹೂ ಇಲ್ಲದಿರುವಾಗ ದೂರದಿಂದ ನೋಡಿದರೆ ಇಡೀ ಗಿಡ ಹುಲ್ಲಿನ ಪೊದೆಯಂತೆ ಕಾಣುತ್ತದೆ.

ಎಲೆಯ ಕಂಕುಳಿನಿಂದ 3ರಿಂದ 5 ಸೆಂಟಿಮೀಟರ್ ಉದ್ದದ ತೊಟ್ಟು ಹೊರಟು, ಅದರ ತುದಿಯಲ್ಲಿ ಸಾಮಾನ್ಯವಾಗಿ ಒಂದೇ ಹೂ ಅರಳುತ್ತದೆ. ಹೂವಿನ ಅಳತೆ ಸುಮಾರು ಒಂದೂವರೆ ಸೆಂಟಿಮೀಟರ್. ಅವರೆ, ಬಟಾಣಿಗಳ ಹೂವಿನಂತೆ ಇದರಲ್ಲಿಯೂ ಐದು ದಳಗಳು: ಮೇಲೆ ಎದ್ದು ನಿಂತ ಅಗಲವಾದ ಪತಾಕೆ ದಳ ಒಂದು, ಅಕ್ಕಪಕ್ಕದಲ್ಲಿ ರೆಕ್ಕೆ ದಳಗಳು ಎರಡು, ಕೆಳಗೆ ಒಂದಕ್ಕೊಂದು ಕೂಡಿಕೊಂಡು ದೋಣಿಯ ಆಕಾರ ತಾಳಿದ ದಳಗಳು ಎರಡು. ಹೂವಿನ ಬಣ್ಣ ತಳಿಯಿಂದ ತಳಿಗೆ ಬದಲಾಗುತ್ತದೆ. ನೀಲಿಯಲ್ಲದೆ ಬಿಳಿ, ನಸುಗೆಂಪು ಮತ್ತು ನೇರಳೆ ಹೂವಿನ ತಳಿಗಳೂ ಇವೆ. ದಕ್ಷಿಣ ಏಷ್ಯಾದ ತಳಿಗಳಲ್ಲಿ ನೀಲಿ ಹೂ ಮತ್ತು ಬಣ್ಣದ ಚಿಕ್ಕ ಬೀಜಗಳು ಹೆಚ್ಚು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ತಳಿಗಳಲ್ಲಿ ಬಿಳಿ ಹೂ ಮತ್ತು ದೊಡ್ಡದಾದ ಬಿಳಿಚು ಬೀಜಗಳು ಹೆಚ್ಚು.

ಕಾಯಿಯು ಚಪ್ಪಟೆಯಾಗಿದ್ದು 2.5ರಿಂದ 4.5 ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಮೇಲಂಚಿನಲ್ಲಿ ಎರಡು ಕಿರಿದಾದ ರೆಕ್ಕೆಗಳಿರುವುದು ಈ ಪ್ರಭೇದದ ಮುಖ್ಯ ಗುರುತು. ಒಳಗೆ ಎರಡರಿಂದ ಐದು ಬೀಜಗಳಿರುತ್ತವೆ. ಬೀಜವು ಬಟಾಣಿಯಂತೆ ದುಂಡಗಿರದೆ, ಒಂದು ಕಡೆ ಓರೆಯಾಗಿ ಕತ್ತರಿಸಿದಂತೆ, ಕೊಡಲಿಯ ಅಲಗನ್ನು ಹೋಲುತ್ತದೆ. ಬೇಳೆ ಹಳದಿ ಬಣ್ಣದ್ದು.

ಹೋಲುವ ಇತರ ಸಸ್ಯಗಳು

ಕರ್ನಾಟಕದ ಮನೆಯಂಗಳಗಳಲ್ಲಿ ನೀಲಿ ಹೂವಿನ ಬಳ್ಳಿ ಎಂದೊಡನೆ ನೆನಪಾಗುವುದು ಶಂಖಪುಷ್ಪ. ಇದೂ ಫ್ಯಾಬೇಸೀ ಕುಟುಂಬದ್ದೇ ಆದರೂ ಸಾಕಷ್ಟು ದೂರದ ಸಂಬಂಧಿ. ಶಂಖಪುಷ್ಪವು ಬಹುವಾರ್ಷಿಕ, ಬಿಸಿಲನ್ನು ಸಹಿಸುತ್ತದೆ, ಅದರ ಎಲೆಯಲ್ಲಿ ಐದು ಅಥವಾ ಏಳು ದುಂಡನೆಯ ಕಿರುಎಲೆಗಳಿರುತ್ತವೆ, ನುಲಿಬಳ್ಳಿ ಇರುವುದಿಲ್ಲ, ಕಾಂಡವೇ ಆಸರೆಯನ್ನು ಸುತ್ತುತ್ತದೆ. ಅದರ ಹೂ ಕಡುನೀಲಿ, ಮಧ್ಯದಲ್ಲಿ ಬಿಳಿ ಅಥವಾ ಹಳದಿ ಛಾಯೆ ಇರುತ್ತದೆ. ಕೇಸರಿ ಬೇಳೆಯ ಹೂ ಅದಕ್ಕಿಂತ ಚಿಕ್ಕದು, ತಿಳಿಬಣ್ಣದ್ದು.

ಸ್ವೀಟ್ ಪೀ ಗಿಡದಲ್ಲಿ ಒಂದೇ ತೊಟ್ಟಿನಲ್ಲಿ ಹಲವು ದೊಡ್ಡ, ಸುವಾಸನೆಯ ಹೂಗಳು ಬಿಡುತ್ತವೆ. ದಕ್ಷಿಣ ಅಮೆರಿಕದ ಲ್ಯಾಥಿರಸ್ ನರ್ವೋಸಸ್ ಎಂಬ ಪ್ರಭೇದಕ್ಕೂ ನೀಲಿ ಹೂಗಳಿದ್ದು, ಅದು ಬಹುವಾರ್ಷಿಕ. ಅಡುಗೆಯ ಬಟಾಣಿ ಗಿಡದ ಎಲೆತೊಟ್ಟಿನ ಬುಡದಲ್ಲಿ ಕಾಂಡವನ್ನು ಅಪ್ಪಿದಂತಿರುವ ಅಗಲವಾದ ಎರಡು ಎಲೆಗಳಿರುತ್ತವೆ. ಕೇಸರಿ ಬೇಳೆಯಲ್ಲಿ ಅವು ಬಹಳ ಕಿರಿದು. ತರಕಾರಿ ಮಡಿಯಲ್ಲಿ ಎರಡನ್ನೂ ಬೇರ್ಪಡಿಸಲು ಈ ಗುರುತು ನೆರವಾಗುತ್ತದೆ.

ಮೂಲ ಮತ್ತು ವ್ಯಾಪ್ತಿ

ಕೇಸರಿ ಬೇಳೆಯು ಮನುಷ್ಯನು ಬೇಸಾಯಕ್ಕೆ ತಂದ ಅತಿ ಹಳೆಯ ಕಾಳುಗಳಲ್ಲಿ ಒಂದು. ನವಶಿಲಾಯುಗದ ಆರಂಭದಲ್ಲಿ ಬಾಲ್ಕನ್ ಪರ್ಯಾಯದ್ವೀಪದಲ್ಲಿ ಇದರ ಬೇಸಾಯ ತೊಡಗಿತೆಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಭಾರತದಲ್ಲಿ ನರ್ಮದಾ ತೀರದ ನವದಾತೋಲಿಯ ತಾಮ್ರಶಿಲಾಯುಗದ ನೆಲೆಯಲ್ಲಿ ಇದರ ಕಾಳುಗಳು ದೊರೆತಿವೆ.

ಇಂದು ಭಾರತದಲ್ಲಿ ಛತ್ತೀಸಗಢ, ಬಿಹಾರ, ಮಧ್ಯಪ್ರದೇಶ, ಪಶ್ಚಿಮ ಬಂಗಾಳ ಮತ್ತು ಮಹಾರಾಷ್ಟ್ರದ ವಿದರ್ಭ ಭಾಗಗಳಲ್ಲಿ ಇದನ್ನು ಬೆಳೆಯುತ್ತಾರೆ. ಛತ್ತೀಸಗಢದ ಕಡೆ ಉತೇರಾ ಎಂಬ ಪದ್ಧತಿ ಇದೆ. ಭತ್ತದ ಕೊಯ್ಲಿಗೆ ಸುಮಾರು ಎರಡು ವಾರ ಮೊದಲು, ಗದ್ದೆಯಲ್ಲಿ ತೇವ ಆರುವ ಮುನ್ನವೇ, ನಿಂತ ಪೈರಿನ ನಡುವೆ ಬೀಜವನ್ನು ಎರಚುತ್ತಾರೆ. ಭತ್ತ ಕೊಯ್ದ ಮೇಲೆ ಉಳುಮೆ, ಗೊಬ್ಬರ, ನೀರು ಯಾವುದೂ ಇಲ್ಲದೆ ಉಳಿದ ತೇವದಲ್ಲಿಯೇ ಗಿಡ ಬೆಳೆದು ಕಾಳು ಕೊಡುತ್ತದೆ. ಎಳೆಯ ಚಿಗುರನ್ನು ಸೊಪ್ಪಿನಂತೆ ಬೇಯಿಸುವುದುಂಟು; ಗಿಡವನ್ನು ದನಗಳಿಗೆ ಮೇವಾಗಿ ಹಾಕುವುದೂ ಉಂಟು. ಖರ್ಚಿಲ್ಲದೆ ಬರುವ ಬೆಳೆ ಎಂಬುದೇ ಬಡ ರೈತರು ಇದನ್ನು ಬಿಡದಿರಲು ಕಾರಣ.

ಮನೆಯ ತೋಟದಲ್ಲಿ ಬೆಳೆಸುವ ಕ್ರಮ

ಕಾಲ: ಇದು ತಂಪು ಹವೆಯ ಗಿಡ. ಉಷ್ಣಾಂಶ 10ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವ ದಿನಗಳು ಇದಕ್ಕೆ ಹಿತಕರ. ಬ್ರಿಟನ್ನಿನಂತಹ ಶೀತ ದೇಶಗಳಲ್ಲಿ ಮಾರ್ಚ್ ಅಥವಾ ಏಪ್ರಿಲ್ ತಿಂಗಳಲ್ಲಿ ಬಿತ್ತಿದರೆ ಜೂನ್‌ನಿಂದ ಆಗಸ್ಟ್‌ವರೆಗೆ ಹೂಗಳು ದೊರೆಯುತ್ತವೆ. ಭಾರತದಲ್ಲಿ ಇದು ಹಿಂಗಾರಿನ ಬೆಳೆ. ಅಕ್ಟೋಬರ್–ನವೆಂಬರ್‌ನಲ್ಲಿ ಬಿತ್ತಿ ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ಯುತ್ತಾರೆ. ಹೂವಿಗಾಗಿ ಬೆಳೆಸುವವರೂ ಇದೇ ಕಾಲವನ್ನು ಅನುಸರಿಸಬೇಕು. ಬೇಸಗೆಯ ಬಿಸಿಲು ಏರಿದೊಡನೆ ಗಿಡವು ಹೂಬಿಡುವುದನ್ನು ನಿಲ್ಲಿಸಿ ಒಣಗತೊಡಗುತ್ತದೆ.

ಸ್ಥಳ ಮತ್ತು ಮಣ್ಣು: ದಿನದ ಹೆಚ್ಚು ಹೊತ್ತು ಬಿಸಿಲು ಬೀಳುವ ಸ್ಥಳವನ್ನು ಆರಿಸಬೇಕು. ಮಣ್ಣಿನ ವಿಷಯದಲ್ಲಿ ಈ ಗಿಡ ನಿಷ್ಠುರವಲ್ಲ. ಭಾರವಾದ ಎರೆಮಣ್ಣಿನಲ್ಲಿಯೂ ಹಗುರವಾದ ಸತ್ವಹೀನ ಮಣ್ಣಿನಲ್ಲಿಯೂ ಬರುತ್ತದೆ. ಬರಗಾಲವನ್ನೂ, ಸ್ವಲ್ಪ ಕಾಲ ನೀರು ನಿಲ್ಲುವುದನ್ನೂ ತಾಳಿಕೊಳ್ಳುವ ಶಕ್ತಿ ಇದಕ್ಕಿದೆ. ಗೊಬ್ಬರ ಹೆಚ್ಚಾದರೆ ಎಲೆ ದಟ್ಟವಾಗಿ ಬೆಳೆದು ಹೂ ಕಡಿಮೆಯಾಗುತ್ತದೆ. ಆದ್ದರಿಂದ ಹಿಂದಿನ ಬೆಳೆಗೆ ಹಾಕಿದ ಕೊಟ್ಟಿಗೆ ಗೊಬ್ಬರದ ಸತ್ವವೇ ಸಾಕು. ಸಾರಜನಕದ ಗೊಬ್ಬರವನ್ನು ಹಾಕಬೇಕಾಗಿಲ್ಲ.

ಬಿತ್ತನೆ: ಬೀಜದ ಸಿಪ್ಪೆ ಗಟ್ಟಿಯಾಗಿರುವುದರಿಂದ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಬೆಳಗ್ಗೆ ಬಿತ್ತುವುದು ಒಳ್ಳೆಯದು. ನೆನೆಸಿದ ನೀರನ್ನು ಚೆಲ್ಲಬೇಕು. ಬೀಜವನ್ನು 2ರಿಂದ 3 ಸೆಂಟಿಮೀಟರ್ ಆಳದಲ್ಲಿ, ಒಂದಕ್ಕೊಂದು ಸುಮಾರು 15 ಸೆಂಟಿಮೀಟರ್ ಅಂತರದಲ್ಲಿ ಊರಬೇಕು. ಒಂದರಿಂದ ಎರಡು ವಾರಗಳಲ್ಲಿ ಮೊಳಕೆ ಮೇಲೆ ಬರುತ್ತದೆ. ಹುರುಳಿಕಾಯಿಯ ಗಿಡದಲ್ಲಿ ಬೀಜದಳಗಳು ಮಣ್ಣನ್ನು ಸೀಳಿಕೊಂಡು ಮೇಲೇಳುತ್ತವೆ. ಕೇಸರಿ ಬೇಳೆಯಲ್ಲಿ ಬಟಾಣಿಯಂತೆಯೇ ಬೀಜದಳಗಳು ಮಣ್ಣಿನೊಳಗೆ ಉಳಿದು ಚಿಗುರು ಮಾತ್ರ ಹೊರಬರುತ್ತದೆ. ಈ ಕಾರಣದಿಂದ ಎಳೆಯ ಚಿಗುರನ್ನು ಹಕ್ಕಿ ಕಿತ್ತರೂ ಕೆಲವೊಮ್ಮೆ ಬುಡದಿಂದ ಮತ್ತೊಂದು ಚಿಗುರು ಬರುವುದುಂಟು. ಬೇರು ಕದಲುವುದನ್ನು ಗಿಡ ಇಷ್ಟಪಡುವುದಿಲ್ಲವಾದ್ದರಿಂದ ನೇರವಾಗಿ ನೆಲದಲ್ಲಿ ಬಿತ್ತುವುದು ಮೇಲು. ಕುಂಡದಲ್ಲಿ ಬೆಳೆಸುವುದಾದರೆ 25 ಸೆಂಟಿಮೀಟರ್ ಅಗಲದ ಕುಂಡದಲ್ಲಿ ನಾಲ್ಕೈದು ಬೀಜಗಳನ್ನು ಊರಬಹುದು.

ಆಸರೆ: ಗಿಡ ಒಂದು ಗೇಣು ಬೆಳೆದಾಗ ಕವಲುಳ್ಳ ಒಣ ಕಡ್ಡಿಗಳನ್ನು ಪಕ್ಕದಲ್ಲಿ ನೆಡಬೇಕು. ನುಲಿಬಳ್ಳಿಗಳು ತೆಳ್ಳಗಿರುವ ಕಾರಣ ದಪ್ಪ ಗೂಟಗಳನ್ನು ಹಿಡಿಯಲಾರವು; ಬೆರಳಿಗಿಂತ ತೆಳುವಾದ ಕಡ್ಡಿ ಅಥವಾ ಹುರಿ ಸೂಕ್ತ. ಎತ್ತರದ ಚಪ್ಪರದ ಅಗತ್ಯವಿಲ್ಲ. ಮೊಣಕಾಲಿನಿಂದ ಸೊಂಟದ ಎತ್ತರದವರೆಗಿನ ಆಸರೆ ಸಾಕು.

ನೀರು ಮತ್ತು ಆರೈಕೆ: ಮೊಳಕೆಯ ಹಂತದಲ್ಲಿ ಮತ್ತು ಹೂ ಬರುವ ಕಾಲದಲ್ಲಿ ಮಣ್ಣು ಹಸಿಯಾಗಿದ್ದರೆ ಒಳ್ಳೆಯದು. ಉಳಿದಂತೆ ಮೇಲ್ಮಣ್ಣು ಒಣಗಿದಾಗ ನೀರು ಹಾಕಿದರೆ ಸಾಕು. ಬಾಡಿದ ಹೂಗಳನ್ನು ಕಾಯಾಗುವ ಮೊದಲೇ ತೆಗೆಯುತ್ತಿದ್ದರೆ ಹೂಬಿಡುವ ಅವಧಿ ಹೆಚ್ಚುತ್ತದೆ. ಹೂವಿಗಾಗಿ ಮಾತ್ರ ಬೆಳೆಸುವ ಮನೆಗಳಲ್ಲಿ ಈ ಕ್ರಮದಿಂದ ಇನ್ನೊಂದು ಲಾಭವೂ ಇದೆ: ಮಕ್ಕಳ ಕೈಗೆ ಸಿಗುವಂತೆ ಕಾಯಿಗಳು ಗಿಡದಲ್ಲಿ ಉಳಿಯುವುದಿಲ್ಲ.

ಕೀಟ ಮತ್ತು ರೋಗ: ಸಸ್ಯಹೇನು ಮತ್ತು ನುಸಿಗಳು ಎಳೆಯ ತುದಿಗಳಿಂದ ರಸ ಹೀರುತ್ತವೆ. ನೀರನ್ನು ರಭಸವಾಗಿ ಚಿಮ್ಮಿಸಿ ಹೇನುಗಳನ್ನು ತೊಳೆದುಹಾಕಬಹುದು. ಹವೆ ಬಿಸಿಯಾಗತೊಡಗಿದಾಗ ಎಲೆಗಳ ಮೇಲೆ ಬೂದಿರೋಗ ಕಾಣಿಸಿಕೊಳ್ಳಬಹುದು. ಗಿಡಗಳ ನಡುವೆ ಗಾಳಿ ಆಡುವಂತೆ ಅಂತರ ಬಿಡುವುದು ಇದಕ್ಕೆ ಮುನ್ನೆಚ್ಚರಿಕೆ. ಮೊಳಕೆಗಳನ್ನು ಸಿಂಬಳದ ಹುಳುಗಳಿಂದಲೂ ಹಕ್ಕಿಗಳಿಂದಲೂ ಕಾಪಾಡಬೇಕು.

ಬೀಜ ಸಂಗ್ರಹ: ಕಾಯಿಗಳು ಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿದಾಗ ಕಿತ್ತು, ನೆರಳಿನಲ್ಲಿ ಒಣಗಿಸಿ, ಬಿಡಿಸಿ ಇಡಬೇಕು. ಹೂಗಳಲ್ಲಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶವೇ ನಡೆಯುವುದರಿಂದ ಮುಂದಿನ ವರ್ಷವೂ ಅದೇ ನೀಲಿ ಬಣ್ಣ ದೊರೆಯುವ ಸಂಭವ ಹೆಚ್ಚು. ಆದರೆ ಜೇನುನೊಣಗಳ ಮೂಲಕ ಪರಕೀಯ ಪರಾಗಸ್ಪರ್ಶವೂ ಸಾಧ್ಯ. ಬೇರೆ ಬಣ್ಣದ ತಳಿ ಸಮೀಪದಲ್ಲಿದ್ದರೆ ಬಣ್ಣ ಮಿಶ್ರವಾಗಬಹುದು.

ಮಣ್ಣಿಗೆ ಆಗುವ ಪ್ರಯೋಜನ

ಇತರ ದ್ವಿದಳ ಸಸ್ಯಗಳಂತೆ ಕೇಸರಿ ಬೇಳೆಯ ಬೇರುಗಳಲ್ಲಿಯೂ ಚಿಕ್ಕ ಗಂಟುಗಳಿರುತ್ತವೆ. ಇವುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡ ಬಳಸಬಲ್ಲ ರೂಪಕ್ಕೆ ತರುತ್ತವೆ. ಸಕ್ರಿಯವಾಗಿರುವ ಗಂಟನ್ನು ಉಗುರಿನಿಂದ ಸೀಳಿ ನೋಡಿದರೆ ಒಳಭಾಗ ನಸುಗೆಂಪಾಗಿ ಕಾಣುತ್ತದೆ. ಋತು ಮುಗಿದ ಮೇಲೆ ಗಿಡವನ್ನು ಬುಡದಲ್ಲಿ ಕತ್ತರಿಸಿ, ಬೇರನ್ನು ಮಣ್ಣಿನಲ್ಲಿಯೇ ಬಿಟ್ಟರೆ ಮುಂದಿನ ಬೆಳೆಗೆ ಅನುಕೂಲ. ಸಂಯುಕ್ತ ಎಲೆ, ನುಲಿಬಳ್ಳಿ, ಪತಾಕೆ–ರೆಕ್ಕೆ–ದೋಣಿ ದಳಗಳು, ಬೇರುಗಂಟು ಇವೆಲ್ಲವನ್ನೂ ಒಂದೇ ಚಿಕ್ಕ ಗಿಡದಲ್ಲಿ ತೋರಿಸಬಹುದಾದ್ದರಿಂದ ಸಸ್ಯಶಾಸ್ತ್ರದ ಪಾಠಕ್ಕೆ ಇದು ಉತ್ತಮ ಮಾದರಿ.

ಬೀಜದಲ್ಲಿರುವ ನರವಿಷ

ಕೇಸರಿ ಬೇಳೆಯ ಬೀಜದಲ್ಲಿ ಪ್ರೋಟೀನು ಹೇರಳವಾಗಿದೆ. ಜೊತೆಗೆ ಒಡಿಎಪಿ ಎಂದು ಸಂಕ್ಷೇಪವಾಗಿ ಕರೆಯಲಾಗುವ ಒಂದು ಅಮೈನೋ ಆಮ್ಲವೂ ಇದೆ. ಇದರ ಪೂರ್ಣ ಹೆಸರು ಬೀಟಾ-ಎನ್-ಆಕ್ಸಲಿಲ್-ಎಲ್-ಆಲ್ಫಾ, ಬೀಟಾ-ಡೈಅಮೈನೋಪ್ರೊಪಿಯಾನಿಕ್ ಆಮ್ಲ. ಈ ವಿಷವಸ್ತುವಿನ ಪತ್ತೆಗೂ ಕರ್ನಾಟಕಕ್ಕೂ ನೇರವಾದ ಸಂಬಂಧವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ಶಾಸ್ತ್ರ ವಿಭಾಗದಲ್ಲಿ ಎಸ್. ಎಲ್. ಎನ್. ರಾವ್, ಪಿ. ಆರ್. ಅಡಿಗ ಮತ್ತು ಪಿ. ಎಸ್. ಶರ್ಮ ಅವರು ಇದನ್ನು ಬೀಜದಿಂದ ಬೇರ್ಪಡಿಸಿ, ಅದರ ರಚನೆಯನ್ನು 1964ರಲ್ಲಿ ಪ್ರಕಟಿಸಿದರು. ಅದೇ ವರ್ಷ ಭಾರತದ ಇನ್ನೊಂದು ಸಂಶೋಧಕ ತಂಡವೂ ಇದೇ ಬೀಜದ ನರವಿಷವನ್ನು ಕುರಿತು ವರದಿ ಮಾಡಿತು.

ನರಕೋಶಗಳ ನಡುವೆ ಸಂದೇಶ ಸಾಗಿಸುವ ಗ್ಲುಟಮೇಟ್ ಎಂಬ ಸಹಜ ವಸ್ತುವನ್ನು ಒಡಿಎಪಿ ಹೋಲುತ್ತದೆ. ಈ ಹೋಲಿಕೆಯ ಕಾರಣ ಅದು ನರಕೋಶಗಳನ್ನು ಅತಿಯಾಗಿ ಪ್ರಚೋದಿಸಿ ಹಾನಿಗೊಳಿಸುತ್ತದೆ. ಇದರಿಂದ ಉಂಟಾಗುವ ರೋಗವನ್ನು ನ್ಯೂರೋಲ್ಯಾಥಿರಿಸಂ ಎನ್ನುತ್ತಾರೆ. 'ಲ್ಯಾಥಿರಿಸಂ' ಎಂಬ ಪದವನ್ನು 1873ರಲ್ಲಿ ಇಟಲಿಯ ವೈದ್ಯ ಅರ್ನಾಲ್ಡೋ ಕಾಂತಾನಿ ಬಳಕೆಗೆ ತಂದನು. ರೋಗಿಯ ಕಾಲಿನ ಸ್ನಾಯುಗಳು ಸೆಟೆದುಕೊಳ್ಳುತ್ತವೆ; ಮೊಣಕಾಲುಗಳು ಮಡಚಿ, ಹಿಮ್ಮಡಿ ನೆಲಕ್ಕೆ ತಾಗದೆ, ಒಂದು ಕಾಲು ಇನ್ನೊಂದಕ್ಕೆ ಅಡ್ಡವಾಗುವಂತಹ ನಡಿಗೆ ಬರುತ್ತದೆ. ಮೊದಲು ಕೋಲು, ಆಮೇಲೆ ಎರಡು ಕೋಲು, ಕೊನೆಗೆ ತೆವಳುವ ಸ್ಥಿತಿ ಬರಬಹುದು. ಬುದ್ಧಿ, ಮಾತು, ದೃಷ್ಟಿಗಳಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ದುಡಿಯುವ ವಯಸ್ಸಿನ ಯುವಕರಲ್ಲಿ ರೋಗ ಹೆಚ್ಚು. ಒಮ್ಮೆ ಬಂದ ಅಂಗವೈಕಲ್ಯಕ್ಕೆ ಇಂದಿಗೂ ಚಿಕಿತ್ಸೆ ಇಲ್ಲ.

ಕೆಲವು ಕಾಳುಗಳನ್ನು ಅಪರೂಪಕ್ಕೆ ತಿಂದ ಮಾತ್ರಕ್ಕೆ ಈ ರೋಗ ಬರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎರಡು ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಇದೇ ಮುಖ್ಯ ಆಹಾರವಾದಾಗ ಅಪಾಯ ತಲೆದೋರುತ್ತದೆ. ಅಕ್ಕಿ, ಗೋಧಿ ಮೊದಲಾದ ಧಾನ್ಯಗಳೊಂದಿಗೆ ಸ್ವಲ್ಪ ಪ್ರಮಾಣದಲ್ಲಿ ತಿನ್ನುವ ಸಮಾಜಗಳು ಇಂದಿಗೂ ಇವೆ. ಇಟಲಿಯ ಮಧ್ಯಭಾಗದಲ್ಲಿ ಇದರ ಸೂಪು ಸಾಂಪ್ರದಾಯಿಕ ಆಹಾರ. ಕಾಳನ್ನು ನೆನೆಸಿ, ಹೆಚ್ಚು ನೀರಿನಲ್ಲಿ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ವಿಷದ ಬಹುಭಾಗ ನೀರಿನೊಂದಿಗೆ ಹೋಗುತ್ತದೆ. ಆದರೂ ಪೂರ್ತಿಯಾಗಿ ಹೋಗುವುದಿಲ್ಲ. ಬರಗಾಲದಲ್ಲಿ ನೀರಿಗೂ ಸೌದೆಗೂ ಅಭಾವವಿರುವುದರಿಂದ ಈ ಉಪಾಯವು ಅಗತ್ಯವಿರುವವರಿಗೇ ಎಟುಕುವುದಿಲ್ಲ.

ಇತಿಹಾಸದಲ್ಲಿ ಕೇಸರಿ ಬೇಳೆ

ತ್ರಿಪುಟ ಎಂಬ ಕಾಳು ಮನುಷ್ಯನನ್ನು ಕುಂಟನನ್ನಾಗಿ ಮಾಡುತ್ತದೆಂದು ಭಾವಪ್ರಕಾಶ ಎಂಬ ಸಂಸ್ಕೃತ ವೈದ್ಯಗ್ರಂಥ ತಿಳಿಸುತ್ತದೆ. ಇದನ್ನು ಕೇಸರಿ ಬೇಳೆ ಎಂದು ಗುರುತಿಸಲಾಗಿದೆ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಅರಸನು 1671ರಲ್ಲಿ ರೊಟ್ಟಿಗೆ ಈ ಹಿಟ್ಟನ್ನು ಬೆರೆಸುವುದನ್ನು ನಿಷೇಧಿಸಿದನು.

ಬ್ರಿಟಿಷ್ ಅಧಿಕಾರಿ ವಿಲಿಯಂ ಹೆನ್ರಿ ಸ್ಲೀಮನ್ 1844ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಮಧ್ಯಭಾರತದ ಸಾಗರ್ ಪ್ರದೇಶದ ಒಂದು ದುರಂತವನ್ನು ವಿವರಿಸಿದ್ದಾನೆ. ಅಲ್ಲಿ 1829ರಲ್ಲಿ ಆಲಿಕಲ್ಲಿನ ಮಳೆಯಿಂದ, 1830ರಲ್ಲಿ ಮಳೆಯ ಕೊರತೆಯಿಂದ, 1831ರಲ್ಲಿ ರೋಗದಿಂದ ಗೋಧಿ ಹಾಳಾಯಿತು. ಈ ಮೂರು ವರ್ಷಗಳಲ್ಲಿಯೂ ಕೇಸರಿ ಬೇಳೆ ಮಾತ್ರ ಸೊಂಪಾಗಿ ಬೆಳೆಯಿತು. ಜನರು ಅದನ್ನೇ ತಿಂದು ಬದುಕಿದರು. 1833ರಿಂದ ಮೂವತ್ತು ವರ್ಷಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಸೊಂಟದ ಕೆಳಗಿನ ಬಲ ಕುಂದುವುದು ಆರಂಭವಾಯಿತು.

ಸ್ಪೇನಿನ ಚಿತ್ರಕಾರ ಫ್ರಾನ್ಸಿಸ್ಕೋ ಗೋಯಾ, ನೆಪೋಲಿಯನ್ ಯುದ್ಧಕಾಲದ ಮ್ಯಾಡ್ರಿಡ್ ಕ್ಷಾಮವನ್ನು ಚಿತ್ರಿಸಿದ ತನ್ನ 'ಯುದ್ಧದ ವಿಪತ್ತುಗಳು' ಮಾಲಿಕೆಯ 51ನೆಯ ಚಿತ್ರಕ್ಕೆ ಈ ಕಾಳಿನ ಹೆಸರನ್ನೇ ಇಟ್ಟಿದ್ದಾನೆ. ಜನರು ಅದರ ಹಿಟ್ಟಿನ ಗಂಜಿಗಾಗಿ ಮುತ್ತಿಕೊಂಡಿರುವುದನ್ನು ಚಿತ್ರ ತೋರಿಸುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇಂದಿನ ಉಕ್ರೇನಿನಲ್ಲಿರುವ ವಾಪ್ನಿಯಾರ್ಕಾ ಎಂಬಲ್ಲಿನ ಸೆರೆಶಿಬಿರದಲ್ಲಿ ಯೆಹೂದಿ ಕೈದಿಗಳಿಗೆ 1942ರ ಕೊನೆಯ ಭಾಗದಿಂದ ಈ ಕಾಳನ್ನೇ ಆಹಾರವಾಗಿ ಕೊಡಲಾಯಿತು. ನೂರಾರು ಜನರ ಕಾಲುಗಳು ಸೆಟೆದವು. ಕೈದಿಗಳಲ್ಲಿ ಒಬ್ಬರಾಗಿದ್ದ ವೈದ್ಯ ಆರ್ಥರ್ ಕೆಸ್ಲರ್ ರೋಗದ ಕಾರಣವನ್ನು ಗುರುತಿಸಿದರು. ಕೈದಿಗಳು ಆ ಆಹಾರವನ್ನು ತಿನ್ನಲು ನಿರಾಕರಿಸಿ ಉಪವಾಸ ಹೂಡಿದರು.

ಸ್ವಾತಂತ್ರ್ಯದ ನಂತರವೂ ಮಧ್ಯಪ್ರದೇಶದ ರೀವಾ ಸುತ್ತಿನಲ್ಲಿ ಭೂಮಾಲಿಕರು ಕೃಷಿಕೂಲಿಗಳಿಗೆ ಹಣದ ಬದಲು ಇದೇ ಕಾಳನ್ನು ಕೂಲಿಯಾಗಿ ಕೊಡುತ್ತಿದ್ದರು. ಮಾಲಿಕರ ಮನೆಯಲ್ಲಿ ಬೇರೆ ಧಾನ್ಯಗಳಿದ್ದವು. ಕೂಲಿಯವರ ಮನೆಯಲ್ಲಿ ಇದೊಂದೇ ಇತ್ತು. ರೋಗ ಬಂದದ್ದು ಕೂಲಿಯವರಿಗೆ. ವಿಷ ಇರುವುದು ಬೀಜದಲ್ಲಿಯೇ ಆದರೂ, ಯಾರು ಅದರಿಂದ ಕುಂಟರಾಗುವರು ಎಂಬುದನ್ನು ನಿರ್ಣಯಿಸಿದ್ದು ಬಡತನ ಎಂಬುದು ಈ ಎಲ್ಲ ಘಟನೆಗಳಿಂದ ತಿಳಿದುಬರುತ್ತದೆ.

ಕಾನೂನು ಮತ್ತು ಹೊಸ ತಳಿಗಳು

ಭಾರತದಲ್ಲಿ ಕೇಸರಿ ಬೇಳೆಯ ಮಾರಾಟದ ಮೇಲೆ 1961ರಿಂದ ಆಹಾರ ಕಲಬೆರಕೆ ತಡೆ ನಿಯಮಗಳ ಅಡಿಯಲ್ಲಿ ನಿರ್ಬಂಧ ಬಂದಿತು. ಇದು ಆಯಾ ರಾಜ್ಯ ಸರ್ಕಾರದ ಅಧಿಸೂಚನೆಯ ಮೂಲಕ ಜಾರಿಗೆ ಬರುವಂತಹದು. ಆದ್ದರಿಂದ ಎಲ್ಲ ರಾಜ್ಯಗಳಲ್ಲಿಯೂ ಒಂದೇ ರೀತಿಯಾಗಿ ಜಾರಿಯಾಗಲಿಲ್ಲ. 2011ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿಯಮಾವಳಿಯಲ್ಲಿಯೂ ಈ ನಿರ್ಬಂಧವನ್ನು ಸೇರಿಸಲಾಗಿದೆ. ತೊಗರಿ ಬೇಳೆ, ಕಡಲೆ ಬೇಳೆ ಮತ್ತು ಕಡಲೆ ಹಿಟ್ಟಿಗೆ ಅಗ್ಗದ ಕೇಸರಿ ಬೇಳೆಯನ್ನು ಬೆರೆಸುವ ಮೋಸವು ಗ್ರಾಹಕರಿಗೆ ಹಳೆಯ ತಲೆನೋವು. ದುಂಡನೆಯ ತೊಗರಿ ಬೇಳೆಯ ನಡುವೆ ಒಂದು ಬದಿ ಓರೆಯಾದ, ಕೋನಗಳುಳ್ಳ ಬೇಳೆ ಕಂಡುಬಂದರೆ ಸಂಶಯಪಡಬೇಕು.

ವಿಜ್ಞಾನಿಗಳು ವಿಷಾಂಶ ಕಡಿಮೆ ಇರುವ ತಳಿಗಳನ್ನು ಬೆಳೆಸಿದ್ದಾರೆ. ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ರತನ್, ರಾಯಪುರದ ಇಂದಿರಾ ಗಾಂಧಿ ಕೃಷಿ ವಿಶ್ವವಿದ್ಯಾಲಯದ ಪ್ರತೀಕ್ ಮತ್ತು ಮಹಾತೇವರಾ ಇವುಗಳಲ್ಲಿ ಮುಖ್ಯವಾದವು. ಆದರೆ ಈ ತಳಿಗಳನ್ನು ಹಳೆಯ ತಳಿಗಳ ಪಕ್ಕದಲ್ಲಿ ಬೆಳೆದರೆ ಜೇನುನೊಣಗಳಿಂದ ಪರಾಗ ಬೆರೆತು ಕಡಿಮೆ ವಿಷದ ಗುಣ ಉಳಿಯದೆ ಹೋಗಬಹುದು. ಒಂದೇ ತಳಿಯಲ್ಲಿಯೂ ಮಣ್ಣು ಮತ್ತು ಹವೆಗೆ ಅನುಗುಣವಾಗಿ ವಿಷದ ಪ್ರಮಾಣ ಏರಿಳಿಯುತ್ತದೆ.

ತೋಟಗಾರರು ಗಮನಿಸಬೇಕಾದ ಅಂಶಗಳು

* ಅಲಂಕಾರಕ್ಕಾಗಿ ಕೊಂಡ ಬೀಜದ ವಿಷಾಂಶವನ್ನು ಯಾರೂ ಅಳೆದಿರುವುದಿಲ್ಲ. ಆದ್ದರಿಂದ ಅದರ ಕಾಯಿ, ಬೀಜ, ಚಿಗುರುಗಳನ್ನು ಆಹಾರವಾಗಿ ಬಳಸಬಾರದು.
* ಹೂವಿನ ಬಣ್ಣ ಅಥವಾ ಬೀಜದ ಬಣ್ಣವನ್ನು ನೋಡಿ ವಿಷ ಎಷ್ಟಿದೆ ಎಂದು ನಿರ್ಧರಿಸಲಾಗದು.
* ತರಕಾರಿ ಬಟಾಣಿಯ ಮಡಿಯಿಂದ ದೂರದಲ್ಲಿ ಬೆಳೆಸಿ, ಹೆಸರಿನ ಫಲಕವನ್ನು ನೆಡಬೇಕು. ಶಾಲೆಯ ಕೈತೋಟದಲ್ಲಿ ಬೆಳೆಸಿದರೆ, ಬಿಸಿಯೂಟಕ್ಕೆ ತರಕಾರಿ ಕೊಯ್ಯುವವರಿಗೆ ಈ ಗಿಡವನ್ನು ತೋರಿಸಿ ತಿಳಿಸಿರಬೇಕು.
* ಸಂಗ್ರಹಿಸಿದ ಬೀಜವನ್ನು ಅಡುಗೆಮನೆಯ ಡಬ್ಬಿಗಳೊಂದಿಗೆ ಇಡಬಾರದು. ಪೊಟ್ಟಣದ ಮೇಲೆ ಹೆಸರು, ವರ್ಷ ಮತ್ತು 'ತಿನ್ನಲು ಅಲ್ಲ' ಎಂಬ ಸೂಚನೆಯನ್ನು ಬರೆಯಬೇಕು. ಇತರರಿಗೆ ಬೀಜ ಹಂಚುವಾಗಲೂ ಈ ಸೂಚನೆ ಜೊತೆಗಿರಬೇಕು.
* ಗಿಡವನ್ನು ಮುಟ್ಟುವುದರಿಂದ, ಹೂವನ್ನು ಕೊಯ್ದು ಹೂದಾನಿಯಲ್ಲಿ ಇಡುವುದರಿಂದ ತೊಂದರೆಯಿಲ್ಲ.
* ಕುದುರೆಗಳು ಈ ವಿಷಕ್ಕೆ ಬೇಗನೆ ಗುರಿಯಾಗುತ್ತವೆ. ಅವುಗಳಿಗೆ ಬೀಜವನ್ನಾಗಲಿ ಗಿಡವನ್ನಾಗಲಿ ಹಾಕಬಾರದು.

ಮಹತ್ವ

ಮಳೆ ಕಡಿಮೆಯಾಗಿ, ನೆಲ ಸತ್ವಹೀನವಾಗುತ್ತಿರುವ ಪ್ರದೇಶಗಳಿಗೆ ಕೇಸರಿ ಬೇಳೆಯಂತಹ ಗಟ್ಟಿಮುಟ್ಟಾದ ಕಾಳು ಬೇಕಾಗಿದೆ. ವಿಷವಿಲ್ಲದ ತಳಿ ಸಾಧ್ಯವಾದರೆ ಅದು ಬಡವರ ಪ್ರೋಟೀನಿನ ಆಸರೆಯಾಗಬಲ್ಲದು ಎಂಬ ಆಶಯದಿಂದ ಸಂಶೋಧನೆ ಮುಂದುವರಿದಿದೆ. ಹಲವು ದೇಶಗಳ ಬೀಜಭಂಡಾರಗಳು ಇದರ ಸಾವಿರಾರು ಮಾದರಿಗಳನ್ನು ಕಾಪಾಡುತ್ತಿವೆ. ಮನೆಯ ತೋಟದಲ್ಲಿ ಬೆಳೆಯುವ ನಾಲ್ಕು ಗಿಡಗಳು ಆ ಕೆಲಸವನ್ನು ಮಾಡಲಾರವು. ಆದರೆ ನೀರು, ಗೊಬ್ಬರಗಳನ್ನು ಹೆಚ್ಚು ಬೇಡದೆ ತಿಳಿನೀಲಿ ಹೂ ಅರಳಿಸುವ ಈ ಗಿಡವನ್ನು ಹತ್ತಿರದಿಂದ ನೋಡಿದವರಿಗೆ, ಕ್ಷಾಮದ ದಿನಗಳಲ್ಲಿ ಜನರು ಅಪಾಯವನ್ನು ಅರಿತೂ ಇದನ್ನೇ ಏಕೆ ನೆಚ್ಚಿಕೊಂಡರು ಎಂಬುದು ಸುಲಭವಾಗಿ ಅರ್ಥವಾಗುತ್ತದೆ.